ಡಾಕ್ಟರ ಅಕ್ಷರ

ಪಕ್ಷದ ಹುಡುಗ್ರು ಇಬ್ರು ಬಂದಾರ ದುಧನಿಗೆ,
ಕೈಯಾಗ ಹನ್ನೊಂದು ಡೈರಿ, ಒಂದೊಂದಕ್ಕೂ ರಬ್ಬರ್ ಬ್ಯಾಂಡು.
"ಸಾಹೇಬರ ಸ್ಮರಣ ಸಂಚಿಕೆ ಮಾಡಬೇಕಾಗ್ಯದ, ಮೌಲಾಲಿ ಕಾಕಾ.
ಭಾಷಣ ಎಲ್ಲಾ ಇದರಾಗ ಅವ. ಓದಾಕ ಬರವಲ್ದು."

ಬರೂದಿಲ್ಲ, ಗೊತ್ತು ನನಗ.
ಮೂವತ್ತೊಂದು ವರ್ಷ ಆ ಅಕ್ಷರ ಓದೀನಿ
ದವಾಖಾನಿ ಕಿಂಡಿಯಾಗಿಂದ ಬಂದ ಚೀಟಿ ಮ್ಯಾಲ.
ಇರಿವಿ ಶಾಯಿ ತುಳದು ಸಕ್ಕರಿ ಹುಡುಕ್ಕೊಂಡು ಹ್ವಾದಂಗ.
ಮುಂಬೈ ವಿಧಾನಭವನದ ಕಾರಕೂನ ಒಮ್ಮೆ ಫೋನ್ ಮಾಡಿದ್ದ:
ನಿಮ್ಮ ಆಮದಾರರು ತಾಲೂಕಿಗೆ ಕೇಳಿದ್ದು
ಪಾಣೀನೋ, ಪ್ರಾಣೀನೋ?

ಮೂರು ಸಲ ಆರಿಸಿ ಬಂದ್ರು ಹತ್ತೂರೆ ಡಾಕ್ಟರು.
ರವಿವಾರ ರಾತ್ರಿ ಗಾಡಿ ಹತ್ತಿ ಮುಂಬೈ,
ಶನಿವಾರ ನಸಿಕಿನ್ಯಾಗ ಅದೇ ಅಂಗಿ ಮ್ಯಾಲ
ಕಟ್ಟಿಗೆ ಕುಂತು ಕೆಮ್ಮೋ ಮಂದಿ ದಾಟಿ ಒಳಗ.

ಹೊಸಾದು ಅಂದ್ರ ಆಗ್ತಿದ್ದಿಲ್ಲ ಅವರಿಗೆ.
ಜ್ವರಕ್ಕ ಬಂದಾಂವ ಸೂಜಿ ಬೇಡಿದ್ರ
"ಮೂರು ದಿನ ಗಂಜಿ ಕುಡಿ,
ಮೈ ತನ್ನ ಕೆಲಸ ತಾ ಮಾಡ್ತದ" ಅಂತಿದ್ರು.
ಸಭಾಗೃಹದಾಗೂ ಅದನ್ನ ಹೇಳ್ಯಾರ. ಇಲ್ಲೇ ಅದ, ಬರ್ಕೋರಿ:
"ಅಧ್ಯಕ್ಷ ಮಹಾರಾಜ, ಸಮಾಜಕ್ಕ ದಿನಾ ಒಂದು
ಕಾನೂನಿನ ಸೂಜಿ ಚುಚ್ಚಬ್ಯಾಡ್ರಿ.
ಹಳೀ ಗಾಯ ಗಾಳಿಗೆ ಬಿಟ್ರ ಮಾಯ್ತದ."
ಹುಡುಗ್ರು ಖುಷಿಯಾದ್ರು. ಇದು ಮುಖಪುಟಕ್ಕ ಆತು ಅಂದ್ರು.

ಎಲ್ಲಾ ಗಾಯ ಮಾಯಂಗಿಲ್ಲ ಅಂತ ನಾ ಅನಲಿಲ್ಲ.
ಪಟ್ಟಿ ಬಿಚ್ಚಿದ ಕೈ ನಂದು.

ಏಳನೇ ಡೈರಿ. ಡಿಸೆಂಬರ. ನಾಗಪುರದ ಥಂಡಿ ಅಧಿವೇಶನ.
ಮಸೂದೆ: ಹುಡುಗಿ ಹದಿನೆಂಟು ದಾಟಿದ್ರೂ
ಅಪ್ಪನ ಸಹಿ ಇಲ್ಲದ ಮದುವಿ ನೋಂದಣಿ ಇಲ್ಲ.
ಪರವಾಗಿ ನಾಲ್ಕು ಪಾನು ಬರದಾರ.
ಮನಿ, ಮಾನ, ಹಿರ್ಯಾರ ನೆರಳು. ಓದಿದೆ.
ಅಂಚಿನಾಗ ಸಣ್ಣಗ:
ಬೋರಮ್ಮನ ಸಕ್ಕರಿ ಗುಳಿಗಿ ಅರ್ಧಾ ಮಾಡು.
ತುಕಾರಾಮ ಗವಂಡಿ, ಎಕ್ಸ್‌ರೇ ಬಂತೇನು ಕೇಳು.
"ಅದ ಬ್ಯಾಡ ಕಾಕಾ" ಅಂದ ಒಬ್ಬಾಂವ.

ಅದೇ ವರ್ಷ, ಸೆಪ್ಟೆಂಬರದಾಗ,
ರಾತ್ರಿ ಎರಡಕ್ಕ ಟೆಂಪೋದಾಗ ತಂದಿದ್ರು ಒಂದು ಹುಡುಗಿನ್ನ.
ತೊಗರಿಗೆ ಹೊಡಿಯೋ ಎಣ್ಣಿ ಕುಡದಿತ್ತು.
ನಾ ತಲಿ ಹಿಡದಿದ್ದೆ. ಡಾಕ್ಟರು ನಳಿಗಿಯಾಗ
ನೀರು ಸುರುವಿದ್ರು, ತಗದ್ರು, ಸುರುವಿದ್ರು.
ಸೋಲಾಪುರಕ್ಕ ಒಯ್ಯಬೇಕು, ಫಾರ್ಮಿಗೆ ಸಹಿ ಬೇಕು.
ಅಪ್ಪ ಬಾಗಲಾಗ ನಿಂತಿದ್ದ, ಪಟಗಾ ಬಿಚ್ಚಿ ಹೆಗಲಿಗೆ ಹಾಕ್ಕೊಂಡು.
"ನನಗ ಮಗಳೇ ಇಲ್ಲ" ಅಂದ.
ಡಾಕ್ಟರು ಅವನ ಮಾರಿ ನೋಡಿದ್ರು,
ಗಡಿಯಾರ ನೋಡಿದ್ರು,
ಪಾಲಕರು ಅಂತಿದ್ದಲ್ಲಿ ತಮ್ಮ ಸಹಿ ಮಾಡಿದ್ರು.
ಅದೊಂದು ಸಹಿ ಮಾತ್ರ, ಸಾಲಿ ಹುಡುಗ ಬರದಂಗ,
ದುಂಡಗ, ಯಾರಿಗೂ ಓದಾಕ ಬರೂವಂಗ.

ಹುಡುಗಿ ಉಳೀತು. ಮುಂದಿಂದು ನನಗ ತಿಳೀದು.

ನಾಲ್ಕು ಪಾನು ಮುಗದ ಮ್ಯಾಲ, ಕೆಳಗ, ಬ್ಯಾರೆ ಶಾಯಿ:
"ಕೈ ಎತ್ತಿದೆ. ಇಳಿಸಿ, ಬಾಕಿನ ಕೆಳಗ
ನನ್ನ ನಾಡಿ ನಾನೇ ಹಿಡದೆ. ನೂರಾ ಹದಿನಾರು.
ಆ ಫಾರ್ಮಿನ ಕಾರ್ಬನ್ ಮೌಲಾನ ಹತ್ರ ಇರಬೇಕು."

ನಾಲಿಗಿ ನಿಂತು ಬಿಡ್ತು.
"ಏನದ ಕಾಕಾ?"
"ಔಷಧ" ಅಂದೆ. "ಹೊಟ್ಟಿ ಉಬ್ಬರಕ್ಕ.
ಮೂರು ಹೊತ್ತು, ಊಟ ಆದ ಮ್ಯಾಲ."
ಅದನ್ನ ಬಿಟ್ಟು ಪಾನು ತಿರುವಿದ್ರು.

ಚೀಟಿ ಯಾರದೋ ಅವರಿಗಷ್ಟೇ ಓದಿ ಹೇಳಬೇಕು.
ಕಿಂಡಿಯಾಗ ನಿಂದ್ರಿಸಿದ ಮೊದಲ ದಿನ
ಡಾಕ್ಟರು ನನಗ ಕಲಿಸಿದ್ದು ಇದು.
ಇದ್ದಾಗ ಅವರು ಈ ಚೀಟಿ ಕಿಂಡಿಗೆ ತರಲಿಲ್ಲ.
ನಾ ಎಂಥಾ ಗುಳಿಗಿ ಕಟ್ಟಿ ಕೊಡಬೇಕಿತ್ತು?

ಸೊಸಿ ಚಾ ತಂದಿಟ್ಲು.
ಎಂಟನೇ ಡೈರಿ ಬಿಚ್ಚೂ ಮುಂದ
ರಬ್ಬರು ಕಡದು ನನ್ನ ಕೈಗೆ ಬಡೀತು.