ಗೋಣಿಕೊಪ್ಪಲಿನ ಆಡಿಟರ್

ಬೆಳಿಗ್ಗೆ ಬಿದ್ದಪ್ಪನವರ ಕ್ಯೂರಿಂಗ್ ವರ್ಕ್ಸ್.
ಐವತ್ತು ಕಿಲೋ ಚೆರ್ರಿಗೆ ಇಪ್ಪತ್ತೈದೂವರೆ ಬೀಜ.
ಉಳಿದ ಅರ್ಧ ಕಿಲೋ ಎಲ್ಲಿ ಹೋಯಿತೆಂದು
ಬೆಳೆಗಾರನೊಬ್ಬ ಮೇಜು ಗುದ್ದುತ್ತಾನೆ,
ಬರುವ ವರ್ಷ ಹುಣಸೂರಿಗೇ ಒಯ್ಯುತ್ತೇನೆ ಅನ್ನುತ್ತಾನೆ.
ಬಿದ್ದಪ್ಪನವರು ಬೆವರು ಒರೆಸಿಕೊಳ್ಳುತ್ತಾರೆ.
ಇಲ್ಲಿ ತಕ್ಕಡಿಗೆ ಬಾಯಿದೆ.

ಮಧ್ಯಾಹ್ನ ದೇಚಮ್ಮನವರ ಟ್ರಸ್ಟು.
ಹೊಲಿಗೆ ಯಂತ್ರ ನಲವತ್ತು, ಫಲಾನುಭವಿಗಳು ನಲವತ್ತು.
ರಸೀದಿಗಳು ಒಂದರ ಬೆನ್ನಿಗೊಂದು, ಮದುವೆ ಪಂಕ್ತಿಯ ಹಾಗೆ.
ದಾನಿ ಮುಂಬಯಿಯಲ್ಲಿ; ಫೋಟೋ ತಲುಪಿದೆ.
ನನ್ನ ಹಸಿರು ಪೆನ್ನಿಗೆ ಕೆಲಸವೇ ಇಲ್ಲ.

ಗೇಟಿನ ಬಳಿ ಲೈನುಮನೆಯ ಬೊಳ್ಳಿ ಸಿಕ್ಕಳು.
ಯಂತ್ರ ಹೇಗಿದೆ?
‘ಚೆನ್ನಾಗಿದೆ. ಅದರ ಮೇಲೆ ಅಕ್ಕಿ ಡಬ್ಬ ಇಟ್ಟಿದ್ದೀನಿ.
ಮೋಟಾರಿನದು. ನಮ್ಮ ಲೈನಿಗೆ ಕರೆಂಟಿಲ್ಲ.’
ಹೇಳಲಿಲ್ಲವೇ?
‘ಬಿಟ್ಟಿ ಕೊಟ್ಟವರನ್ನ ಹೇಗೆ ಬೈಯೋದು ಸಾರ್?’

ಆಮೇಲೆ ಕೆಮ್ಮಿದಳು.
ಎಲ್ಲೋ ಕೇಳಿದ ಕೆಮ್ಮು. ಹೌದು, ಬೆಳಿಗ್ಗೆ,
ಬೀಜ ಆರಿಸುವವರ ಸಾಲಿನಲ್ಲಿ,
ಹೊಟ್ಟಿನ ಧೂಳಿನ ಒಳಗೆ.
ಅಲ್ಲಿಯಾದರೂ ಬೈಯಬಹುದಲ್ಲ?
ನಕ್ಕಳು. ‘ಮೂಟೆ ಇದ್ದವರು ಬೈತಾರೆ.’

ಸೆರಗಿನ ಗಂಟಿನಲ್ಲಿ ಕೆಮ್ಮಿನ ಸಿರಪ್ಪು.
ದೇಚಮ್ಮ ತಮ್ಮ ಪರ್ಸಿನಿಂದ ಕೊಡಿಸಿದ್ದಂತೆ,
ಪ್ರತಿ ತಿಂಗಳೂ.
ಅದಕ್ಕೆ ರಸೀದಿಯಿಲ್ಲ.

ರಾತ್ರಿ ಎರಡು ಕಡತಕ್ಕೂ ಒಂದೇ ಸಾಲು ಬರೆದೆ:
‘ಸತ್ಯ ಮತ್ತು ನ್ಯಾಯಯುತ ಚಿತ್ರಣ.’
ಸಹಿಯ ಮಸಿ ಒಣಗಲು
ಯಾಕೋ ತಡಮಾಡಿತು.