ಉಪ್ಪುಗಾಳಿಗೆ ಇಳಿದ ತಬಲಾ

ಪರದೆಯ ಹಿಂದಿನಿಂದ ಮೂರು ಸಲ ಬಾತ್‌ರೂಮಿಗೆ ಹೋಗಿಬಂದೆ.
ನಾಲ್ಕನೆಯ ಸಲ ರಾಯ್ಕರ ಮಾಸ್ತರು ಬಾಗಿಲಲ್ಲೇ ಕೂತಿದ್ದರು.
ಎಲೆಗೆ ಸುಣ್ಣ ಹಚ್ಚುತ್ತ, ನನ್ನತ್ತ ನೋಡದೆಯೇ,
"ಅಂಗೈ ಒರೆಸಿಕೋ" ಅಂದರು. ಅಷ್ಟೇ.

ಒರೆಸಿದೆ. ಮತ್ತೆ ಒದ್ದೆ.
ಪೌಡರಿನ ಡಬ್ಬಿ ಅರ್ಧ ಸುರಿದರೆ
ಕೈಗಿಂತ ಹೆಚ್ಚು ಮಡಿಲಿಗೇ ಬಿತ್ತು:
ಹೊಸ ನೀಲಿ ಚೂಡಿದಾರದ ತುಂಬ
ಬೈತಖೋಲ ಬಂದರಿನ ಬರ್ಫದ ಪುಡಿ.

ಅಪ್ಪ ಹಿಂದಿನ ಸಾಲಿನ ಕೊನೆಯಲ್ಲಿದ್ದ.
ಎರಡು ಸಲ ಮಿಂದರೂ ಬಂಗಡೆಯ ವಾಸನೆ ಹೋಗದೆಂದು
ಪಕ್ಕದ ಎರಡು ಕುರ್ಚಿ ತಾನೇ ಖಾಲಿ ಬಿಟ್ಟು.

"ತಬಲಾ ಸಾಥ್, ಕುಮಾರಿ ಸುಲಕ್ಷಾ ತಾಂಡೇಲ."
ತಾಂಡೇಲ ಅಂದಾಗ ಮೈಕು ಕಿರ್ರೆಂದಿತು,
ಅಥವಾ ನನಗೆ ಹಾಗೆ ಕೇಳಿತು.
ಹದಿನಾರು ಮಾತ್ರೆ ಎಲ್ಲಿ ಹೋದವು?
ಧಾ ಧಿನ್ ಧಿನ್ ಧಾ
ಆಮೇಲೆ ಬರೀ ಕಡಲು.

ಕುಮಟಾದಿಂದ ಬಂದ ಗಾಯಕಿ ಷಡ್ಜ ಹಿಡಿದರು.
ಬೆರಳಿಟ್ಟೆ. ಥಪ್.
ನಾ ಅನ್ನಬೇಕಾದ ಚರ್ಮ
ಒದ್ದೆ ರಟ್ಟಿನ ಹಾಗೆ ಥಪ್ ಅಂದಿತು.
ಮನೆಯಲ್ಲಿ ಏರಿಸಿ ತಂದದ್ದು,
ಕಾಜುಬಾಗದ ಸಭಾಗೃಹದ ತೆರೆದ ಕಿಟಕಿಯ ಕೆಳಗೆ
ಅರ್ಧ ಗಂಟೆ ಕೂತು ಸಮುದ್ರ ಕುಡಿದಿತ್ತು.

ಇನ್ನೂರು ಮುಖ. ಯಾರದೋ ಕೆಮ್ಮು.
ಗಾಯಕಿ ನಿಲ್ಲಿಸಿ, ಸೆರಗು ಸರಿಮಾಡಿಕೊಂಡು,
"ಕೂಡಿಸು ಮಗಾ" ಅಂದರು. "ನನಗೇನು ಬಸ್ಸಿದೆಯಾ?"

ಸುತ್ತಿಗೆ ಎತ್ತಿಕೊಂಡೆ.
ಟಕ್. ಒಂದು ಗಟ್ಟ ಕೆಳಗೆ.
ಕಿವಿ ಬಗ್ಗಿಸಿದೆ. ಇನ್ನೂ ಇಲ್ಲ, ಅಂದಿತು ತಂಬೂರಿ.
ಟಕ್. ಎದುರು ಬದಿಗೆ ತುಸು.
ಇದು ನನಗೆ ಗೊತ್ತಿದ್ದ ಕೆಲಸ.
ಧಕ್ಕೆಯ ಮೇಲೆ ಅಪ್ಪ ಬಲೆ ಹೊಲಿಯುವಾಗ
ಸುತ್ತ ಊರೇ ನೆರೆದರೂ
ಹರಿದ ಕಣ್ಣಿಗೇ ನೆಟ್ಟಿರುತ್ತದೆ ಅವನ ಕಣ್ಣು.

ಎಷ್ಟು ಹೊತ್ತಾಯಿತೋ. ಯಾರೋ ಚಕ್ಕುಲಿ ಮುರಿದ ಸದ್ದೂ
ಶ್ರುತಿಯಲ್ಲಿದೆಯೇ ಎಂದು ಕೇಳಿಸಿಕೊಂಡೆ.
ಕೊನೆಯ ಪೆಟ್ಟಿಗೆ ಚರ್ಮವೂ ತಂತಿಯೂ
ಒಂದೇ ಬಾಯಲ್ಲಿ
ನಾ ಅಂದವು.

ನಡುಕ ನಿಂತಿತೆಂದು ಸುಳ್ಳೇಕೆ ಹೇಳಲಿ?
ಮೊದಲ ಆವರ್ತ ಓಡಿತು, ಎರಡನೆಯದು ಎಡವಿತು.
ಮೂರನೆಯ ಸಮ್‌ನಲ್ಲಿ ಗಾಯಕಿ ಕಾಯುತ್ತಿದ್ದರು,
ದೋಣಿಯ ಹಗ್ಗ ಹಿಡಿಯಲು
ದಡದಲ್ಲಿ ಕೈಚಾಚಿ ನಿಂತವರ ಹಾಗೆ.
ಎಸೆದೆ.

ಸ್ಕೂಟರಿನಲ್ಲಿ ಮನೆಗೆ ಬರುವಾಗ
ದೀಪದ ಕಂಬಗಳೆಲ್ಲ ಮುಗಿಯುವ ತನಕ ಅಪ್ಪ ಸುಮ್ಮನಿದ್ದ.
ಆಮೇಲೆ, ಗಾಳಿಗೆ ಕೇಳಿಸಲೆಂದು ತುಸು ಕೂಗಿ:
"ಆ ಸುತ್ತಿಗೆಯಲ್ಲಿ ಹೊಡೆದೆಯಲ್ಲ, ಟಕ್ ಟಕ್ ಅಂತ,
ಅದೇ ಚಲೋ ಇತ್ತು."