ಒಳಗೆ ಹೋದ ಸೊನ್ನೆ

ಭಟ್ಟಿಯ ಹೊಗೆ ಕಿಟಕಿಗೆ ಬರುವ ಹೊತ್ತಿಗೆ
ನಮ್ಮ ಶಾಲೆಯಲ್ಲಿ ಗಣಿತ.
ಬೋರ್ಡನ್ನು ಎಷ್ಟು ಒರೆಸಿದರೂ ಕಪ್ಪು
ಬಣ್ಣದ್ದೋ ಗಾಳಿಯದ್ದೋ ತಿಳಿಯುವುದಿಲ್ಲ.
ದಾವಣಗೆರೆಯ ಈ ಮಗ್ಗುಲಿಗೆ
ದೋಸೆಯ ಬೆಣ್ಣೆ ಘಮಿಸುವುದಿಲ್ಲ,
ಮಂಡಕ್ಕಿ ಹುರಿದ ಮರಳು
ಮಕ್ಕಳ ತಲೆಗೂದಲಲ್ಲಿ ಕೂತು ಬರುತ್ತದೆ.

ಐದನೇ ತರಗತಿ. ಬರೆದೆ:
ನಾಲ್ಕು ಸಾವಿರ, ಭಾಗಿಸು ಎಂಟು.
ಹೆದರಬೇಡಿ ಎಂದೆ, ದೊಡ್ಡ ಸಂಖ್ಯೆಯೂ
ದೊಡ್ಡ ಮನುಷ್ಯರ ಹಾಗೆ, ಮುಕ್ಕಾಲು ಬರೀ ಅಂಗಿ.
ಸೊನ್ನೆಗಳನ್ನು ಹೆಬ್ಬೆರಳಲ್ಲಿ ಮುಚ್ಚಿ,
ಮಗ್ಗಿಗೆ ಸಿಗುವಷ್ಟನ್ನೇ ಕಾಣಬಿಡಿ.
ನಾಲ್ಕರಲ್ಲಿ ಎಂಟು ಹೋಗದು.
ಒಂದು ಸೊನ್ನೆಯನ್ನು ಒಳಕ್ಕೆ ಕರೆಯಿರಿ, ನಲವತ್ತು.
ಎಂಟೈದ್ಲ ನಲವತ್ತು. ಐದು.
ಈಗ ತೆಗೆಯಿರಿ ಹೆಬ್ಬೆರಳು.

ಮೂವತ್ತೊಂದು ನೋಟ್‌ಬುಕ್ಕಿನಲ್ಲಿ
ಇಪ್ಪತ್ತೆರಡು ಹೇಳಿದವು: ಐದು ಸಾವಿರ.
ಮೂರು ಸೊನ್ನೆ ಇದ್ದವಲ್ಲ ಟೀಚರ್,
ಮೂರನ್ನೂ ವಾಪಸ್ ಕೊಟ್ಟಿದೀವಿ,
ಪ್ರಾಮಾಣಿಕರು ಪಾಪ.

ಹಿಂದಿನ ಸಾಲಿಂದ ಮೆಹಜಬೀನ್ ಎದ್ದಳು:
ನಾಲ್ಕು ಸಾವಿರ ತಂದೋನು
ಎಂಟು ಜನಕ್ಕೆ ಐದೈದು ಸಾವಿರ ಕೊಡ್ತಾನಾ?
ಅಂಥ ಸಾವ್ಕಾರ ಯಾವ ಭಟ್ಟೀಲಿದಾನೆ ಹೇಳ್ರಿ,
ನಮ್ಮಮ್ಮೀನ ನಾಳೆನೇ ಕಳಿಸ್ತೀನಿ.

ಕ್ಲಾಸು ನಕ್ಕಿತು. ಅವಳು ನಗಲಿಲ್ಲ.
ಒಂದು ಸೊನ್ನೆ ಒಳಗೆ ಕೆಲಸಕ್ಕೆ ಹೋಗಿದೆ ಟೀಚರ್,
ಹೊರಗೆ ನಿಂತಿರೋದು ಎರಡೇ.
ಐನೂರು.

ಹತ್ತೊಂಬತ್ತು ವರ್ಷದಿಂದ ಸ್ಥಾನಬೆಲೆ ಪಾಠ ಮಾಡುತ್ತಿದ್ದೇನೆ,
ಈ ವಾಕ್ಯ ನನ್ನ ಹತ್ತಿರ ಇರಲಿಲ್ಲ.

ನಾನು ಮಾಡುತ್ತಿದ್ದುದು ಮಂಡಕ್ಕಿಯ ಉಪಮೆ:
ಅಕ್ಕಿ ಅರಳಿದಂತೆ ನಾಲ್ಕು ಅರಳಿ ನಾಲ್ಕು ಸಾವಿರ.
ಚೆಂದವಾಗಿಯೇ ಇತ್ತು, ಆದರೆ ಸುಳ್ಳು.
ಸೇರು ಅಕ್ಕಿ ಅರಳಿ ಚೀಲ ತುಂಬಿದರೂ
ತೂಕ ಕೂದಲಷ್ಟೂ ಏರುವುದಿಲ್ಲ;
ನಾಲ್ಕು ರೂಪಾಯಿಗೂ ನಾಲ್ಕು ಸಾವಿರಕ್ಕೂ
ತೂಕ ಬೇರೆ ಎಂದು
ಬಟವಾಡೆಗೆ ಕೈಯೊಡ್ಡಿದವರಿಗೆ ಗೊತ್ತು.

ಆ ಗುರುವಾರದ ಕತೆ ಅವಳೇ ಹೇಳಿದ್ದು.
ಒಂದು ಲಾಟು ಜರಡಿ ಹಿಡಿದು ಚೀಲ ಹೊಲಿದರೆ
ಗುಂಪಿಗೆ ನಾಲ್ಕು ಸಾವಿರ, ಎಂಟು ಹೆಂಗಸರು.
ಅವತ್ತು ಏಳೇ. ಶಮೀಮುನ್ನೀಸಾಗೆ
ಬೆಳಗಿನ ಜಾವ ನೋವು ಬಂದು ದೊಡ್ಡಾಸ್ಪತ್ರೆ.
ಚೀಲಗಳ ಮೇಲೆ ಕೂತು ಎಲ್ಲರೂ
ಲೆಕ್ಕ ಮಾಡೇ ಎಂದರು ಇವಳಿಗೆ.
ಏಳೈದ್ಲ ಮೂವತ್ತೈದು, ಉಳಿದದ್ದು ಐದು,
ಐವತ್ತಕ್ಕೆ ಏಳೇಳ್ಲ ನಲವತ್ತೊಂಬತ್ತು...
ಮರಳ ಮೇಲೆ ಬೆರಳಲ್ಲಿ ಬರೆದು, ಅಳಿಸಿ, ಬರೆದು
ತಲಾ ಐನೂರ ಎಪ್ಪತ್ತೊಂದು ಎಂದಳು,
ಮೂರು ರೂಪಾಯಿ ಉಳಿಯುತ್ತೆ.

ಮೂರನ್ನು ಏಳು ಮಾಡೋ ಜರಡಿ
ಯಾರ ಮನೇಲಿದೆಯೇ ಎಂದು ಒಬ್ಬಳು.
ಟೀ ಕುಡಿಯೋಣ ಎಂದು ಇನ್ನೊಬ್ಬಳು,
ಮೂರು ರೂಪಾಯಿಗೆ ಟೀ ಕೊಡೋನ ತೋರ್ಸು ಎಂದು ಮತ್ತೊಬ್ಬಳು.
ಅಮ್ಮಿ ಖುರ್ಷಿದಾಬಿ ಮಾತ್ರ
ದುಪಟ್ಟದ ತುದಿಯಿಂದ ಮರಳಿನ ಲೆಕ್ಕ ಒರೆಸಿ
ಎಂಟು ಮಾಡು ಎಂದಳು.
ಯಾರೂ ಎದುರಾಡಲಿಲ್ಲ,
ಎಪ್ಪತ್ತೊಂದು ರೂಪಾಯಿಯ ಒಂದು ಸಣ್ಣ ನಿಟ್ಟುಸಿರು
ಎಲ್ಲಿಂದಲೋ ಕೇಳಿತಂತೆ, ಅಷ್ಟೆ.
ಎಂಟನೆಯ ಐನೂರು ಮಡಿಕೆಯಾಗಿ
ಆಸ್ಪತ್ರೆಯ ದಿಂಬಿನಡಿಗೆ ಹೋಯಿತು.

ನೋಟ್‌ಬುಕ್ಕಿನಲ್ಲಿ ಎರಡೂ ಲೆಕ್ಕ ಬರೆದು ತಂದಿದ್ದಳು.
ಎರಡಕ್ಕೂ ಸರಿ ಹಾಕಿದೆ,
ಎರಡನೆಯದಕ್ಕೆ ಪೆನ್ನು ತುಸು ಒತ್ತಿಹೋಯಿತು.
ಮಗು ಹೆಣ್ಣಂತೆ. ತಮಾಷೆಗೆ ಕೇಳಿದೆ:
ಇನ್ನು ಮೇಲೆ ಒಂಬತ್ತರಿಂದ ಭಾಗಿಸಬೇಕೇನೇ?
ಅವಳು ನಿಜಕ್ಕೂ ಯೋಚಿಸಿದಳು,
ಬೆರಳು ಮಡಿಸಿ ಒಂಬತ್ತರ ಮಗ್ಗಿ ಅರ್ಧ ಹೇಳಿದಳು.

ಹೋಗಲ್ಲ ಟೀಚರ್.
ಅದು ಸದ್ಯಕ್ಕೆ
ಅವರಮ್ಮೀನ ಐನೂರೊಳಗೇ ಇರುತ್ತೆ.